ಆರ್ಗ್ಯಾನಿಕ್ ಕೆಮಿಸ್ಟ್ರಿ ಶುರು ಮಾಡುವವರಿಗೆ: ಬಾಯಿಪಾಠ ಆಮೇಲೆ, ಮೊದಲು ಪೆನ್ಸಿಲ್

ಆರ್ಗ್ಯಾನಿಕ್ ಮೇಲೆ ಕೊಟ್ಟ ಮೊದಲ ಟೆಸ್ಟ್‌ನಲ್ಲಿ ನನಗೆ ಬಂದದ್ದು 25ಕ್ಕೆ 6. ಓದಿರಲಿಲ್ಲ ಅಂತಲ್ಲ. ಹಿಂದಿನ ರಾತ್ರಿ ಹನ್ನೆರಡು ಗಂಟೆವರೆಗೆ ಕೂತು ರಿಯಾಕ್ಷನ್‌ಗಳನ್ನೆಲ್ಲ ಮಗ್ಗಿ ಹೇಳಿದ ಹಾಗೆ ಹೇಳಿಕೊಂಡಿದ್ದೆ. ಪ್ರಶ್ನೆಪತ್ರಿಕೆಯಲ್ಲಿ ಪ್ರೊಪೀನ್ ಬದಲು ಬ್ಯೂಟೀನ್ ಕೊಟ್ಟಿದ್ದರು, ಅಷ್ಟೇ. ಮಗ್ಗಿ ಅಲ್ಲಿಗೇ ನಿಂತಿತು. ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಸ್ ತೆಗೆದುಕೊಂಡವರಿಗೆ ಈ ಪಾಡು ಇನ್ನೂ ಜಾಸ್ತಿ. ಹತ್ತನೇ ಕ್ಲಾಸಿನಲ್ಲಿ ಸಮಾಂಗಿ, ಕ್ರಿಯಾಗುಂಪು ಅಂತ ಓದಿದ್ದೇ ಇಲ್ಲಿ ಐಸೋಮರ್, ಫಂಕ್ಷನಲ್ ಗ್ರೂಪ್ ಅಂತ ವೇಷ ಬದಲಿಸಿ ಬರುತ್ತದೆ. ಹೊಸ ವಿಷಯ ಅಂದುಕೊಂಡು ಹೆದರುತ್ತೇವೆ.

ಆಮೇಲೆ ನಾಲ್ಕಾರು ವರ್ಷ ಪಿಯುಸಿ ಮಕ್ಕಳಿಗೆ ಇದೇ ಪಾಠ ಹೇಳಿಕೊಟ್ಟೆ. ಆಗ ನನಗೆ ಗೊತ್ತಾದದ್ದು ಒಂದೇ. ಈ ವಿಷಯದಲ್ಲಿ ಪ್ರತಿ ಸಲ ಕೇಳಬೇಕಾದ ಪ್ರಶ್ನೆ "ಇಲ್ಲಿ ಎಲೆಕ್ಟ್ರಾನ್ ಎಲ್ಲಿ ಜಾಸ್ತಿ ಇದೆ, ಎಲ್ಲಿ ಕಮ್ಮಿ ಇದೆ?" ಅನ್ನೋದು. ಅದನ್ನು ಕೇಳಲು ಮೊದಲು ಅಣುವನ್ನು ಸರಿಯಾಗಿ ಬರೆಯಲು ಬರಬೇಕು. ಈ ಲೇಖನ ಅದಕ್ಕೆ. ಪಕ್ಕದಲ್ಲಿ ಒಂದು ರಫ್ ಪುಸ್ತಕ, ಪೆನ್ಸಿಲ್, ರಬ್ಬರ್ ಇಟ್ಟುಕೊಳ್ಳಿ. ಪೆನ್ ಬೇಡ, ಅಳಿಸೋದು ತುಂಬಾ ಇದೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಅಂಗಡಿಯಲ್ಲಿ ಆರ್ಗ್ಯಾನಿಕ್ ಬೆಲ್ಲ ಅಂತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಗಿಡ, ಪ್ರಾಣಿಗಳಿಂದ ಬರುವ ವಸ್ತುಗಳು ಮಾಡಲು ಏನೋ ಒಂದು ಜೀವಶಕ್ತಿ ಬೇಕು, ಮನುಷ್ಯ ಪಾತ್ರೆಯಲ್ಲಿ ಕಾಯಿಸಿ ಮಾಡಲಾರ ಎಂದು ಒಂದು ಕಾಲದಲ್ಲಿ ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೀಡ್ರಿಕ್ ವೋಲರ್ ಅಮೋನಿಯಂ ಸಯನೇಟ್ ಎಂಬ ಲವಣದಿಂದ ಯೂರಿಯಾ ಮಾಡಿ ತೋರಿಸಿದ. ಅದುವರೆಗೆ ಯೂರಿಯಾ ಅಂದರೆ ಮೂತ್ರದಿಂದ ತೆಗೆಯುವ ವಸ್ತು. ಈಗ ಗದ್ದೆಗೆ ಎರಚುವ ಗೊಬ್ಬರದ ಚೀಲದಲ್ಲಿ ಇರೋದೂ ಅದೇ ಯೂರಿಯಾ, ಕಾರ್ಖಾನೆಯಲ್ಲಿ ಮಾಡಿದ್ದು. ಆ ನಂಬಿಕೆ ನಿಧಾನಕ್ಕೆ ಹೋಯಿತು, ಹೆಸರು ಮಾತ್ರ ಉಳಿಯಿತು. ಇವತ್ತು ಆರ್ಗ್ಯಾನಿಕ್ ಕೆಮಿಸ್ಟ್ರಿ ಅಂದರೆ ಕಾರ್ಬನ್ ಸಂಯುಕ್ತಗಳ ಕೆಮಿಸ್ಟ್ರಿ.

ಕೈ ಎಣಿಸುವುದು

ಕಾರ್ಬನ್‌ಗೆ ನಾಲ್ಕು ಕೈ. ನೈಟ್ರೋಜನ್‌ಗೆ ಮೂರು, ಆಕ್ಸಿಜನ್‌ಗೆ ಎರಡು, ಹೈಡ್ರೋಜನ್‌ಗೆ ಒಂದು, ಕ್ಲೋರಿನ್ ಬ್ರೋಮಿನ್ ತರದವಕ್ಕೂ ಒಂದೇ. ಚಾರ್ಜ್ ಇಲ್ಲದ ಸಾಧಾರಣ ಅಣುವಿನಲ್ಲಿ ಯಾರ ಕೈಯೂ ಖಾಲಿ ಇರಬಾರದು, ಯಾರಿಗೂ ಹೆಚ್ಚಿನ ಕೈ ಮೊಳೆಯಬಾರದು. ಇಷ್ಟು ಗೊತ್ತಿದ್ದರೆ ನೀವು ಬರೆದದ್ದು ಸರಿಯೋ ತಪ್ಪೋ ಅಂತ ನೀವೇ ನೋಡಿಕೊಳ್ಳಬಹುದು. ನಾನು ತಿದ್ದಿದ ಉತ್ತರಗಳಲ್ಲಿ ಅತಿ ಹೆಚ್ಚು ಸಲ ಕಂಡ ತಪ್ಪು ಐದು ಕೈಯ ಕಾರ್ಬನ್. ಒಂದು ಗೆರೆ ಎಳೆಯುವ ಮೊದಲು ಒಂದು ಸಲ ಎಣಿಸಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು.

ಈಗ ಒಂದು ಕೆಲಸ. ಐದು ಕಾರ್ಬನ್, ಹನ್ನೆರಡು ಹೈಡ್ರೋಜನ್ ಇಟ್ಟುಕೊಂಡು ಎಷ್ಟು ತರದ ಅಣು ಕಟ್ಟಬಹುದು ಬರೆದು ನೋಡಿ. ಹೆಚ್ಚಿನವರು ಐದಾರು ಬರೆಯುತ್ತಾರೆ. ಸರಿ ಉತ್ತರ ಮೂರು. ಐದೂ ಸಾಲಾಗಿ ಇರೋದು ಒಂದು. ನಾಲ್ಕರ ಸಾಲಿಗೆ ಎರಡನೆಯದರ ಮೇಲೆ ಒಂದು ಕೊಂಬೆ ಇರೋದು ಇನ್ನೊಂದು. ನಡುವೆ ಒಂದು ಕಾರ್ಬನ್, ಸುತ್ತ ನಾಲ್ಕು ಇರೋದು ಮೂರನೆಯದು. ಉಳಿದದ್ದೆಲ್ಲ ಇವನ್ನೇ ಬಾಗಿಸಿಯೋ ತಿರುಗಿಸಿಯೋ ಬರೆದದ್ದು. ಕಾರ್ಬನ್ ಆರಾದರೆ ಐದು ಸಮಾಂಗಿ, ಏಳಾದರೆ ಒಂಬತ್ತು, ಹತ್ತಕ್ಕೆ ಬಂದರೆ 75! ಹತ್ತರದ್ದು ಬರೆಯಲು ಹೋಗಬೇಡಿ, ಆರರದ್ದು ಮಾತ್ರ ಖಂಡಿತ ಬರೆಯಿರಿ.

ಎರಡು ಚಿತ್ರ ಒಂದೇ ಅಣುವೋ ಬೇರೆಯೋ ಅಂತ ತಲೆ ಕೆಟ್ಟಾಗ ಅಡುಗೆಮನೆಗೆ ಹೋಗಿ. ರಾತ್ರಿ ನೆನೆಸಿಟ್ಟ ಕಡಲೆಕಾಳು ಒಂದು ಹಿಡಿ, ಹಲ್ಲುಕಡ್ಡಿ ಒಂದು ಡಬ್ಬಿ. ಕಡ್ಡಿಪೊರಕೆ ಮುರಿದರೂ ನಡೆಯುತ್ತೆ, ಬೈಗುಳಕ್ಕೆ ನಾನು ಹೊಣೆಯಲ್ಲ. ಒಂದು ಕಾಳಿಗೆ ನಾಲ್ಕು ಕಡ್ಡಿ ಚುಚ್ಚಿ, ಎಲ್ಲವೂ ಒಂದಕ್ಕೊಂದು ಆದಷ್ಟು ದೂರ ಇರಬೇಕು. ಪುಸ್ತಕದಲ್ಲಿ ಅಧಿಕ ಚಿಹ್ನೆಯ ಹಾಗೆ 90 ಡಿಗ್ರಿಗೆ ಬರೆದಿರುತ್ತಾರಲ್ಲ, ಹಾಗೆ ಬೇಡ. ಮೇಜಿನ ಮೇಲೆ ಇಟ್ಟರೆ ಮೂರು ಕಡ್ಡಿ ಕಾಲಿನ ಹಾಗೆ ನಿಂತು ಒಂದು ಮೇಲಕ್ಕೆ ನೋಡಬೇಕು. ಈಗ ಯಾವ ಎರಡು ಕಡ್ಡಿ ನೋಡಿದರೂ ನಡುವಿನ ಕೋನ ಸುಮಾರು 109.5 ಡಿಗ್ರಿ. ಇದು ನಿಜವಾದ ಮೀಥೇನ್‌ನ ಆಕಾರ, ಗೋಬರ್ ಗ್ಯಾಸ್‌ನಲ್ಲಿ ಉರಿಯುವ ಅನಿಲ. ಇಂಥ ಎರಡು ಕಾಳನ್ನು ಒಂದೇ ಕಡ್ಡಿಯಿಂದ ಜೋಡಿಸಿ ತಿರುಗಿಸಿದರೆ ಸಲೀಸಾಗಿ ತಿರುಗುತ್ತೆ. ಎರಡು ಕಡ್ಡಿ ಹಾಕಿ ಜೋಡಿಸಿ ನೋಡಿ, ತಿರುಗೋದಿಲ್ಲ. ಡಬಲ್ ಬಾಂಡ್ ಇದ್ದ ಕಡೆ ಸಿಸ್ (ಗುಂಪುಗಳು ಒಂದೇ ಪಕ್ಕ), ಟ್ರಾನ್ಸ್ (ಎದುರುಬದುರು ಪಕ್ಕ) ಅಂತ ಎರಡು ಬೇರೆ ವಸ್ತು ಯಾಕೆ ಬರುತ್ತವೆ ಅನ್ನೋದು ಇಷ್ಟರಲ್ಲೇ ಇದೆ.

ಕಾಳುಗಳನ್ನು ಬಿಸಾಡುವ ಮೊದಲು ಇನ್ನೊಂದು ಆಟ. ನಡುವೆ ಒಂದು ಕಡಲೆ, ಅದರ ನಾಲ್ಕು ಕಡ್ಡಿಯ ತುದಿಗೆ ನಾಲ್ಕು ಬೇರೆ ಬೇರೆ ಕಾಳು: ಹೆಸರು, ಅಲಸಂದೆ, ಬಟಾಣಿ, ಅವರೆ. ಅದನ್ನು ಕನ್ನಡಿಯ ಮುಂದೆ ಹಿಡಿದು, ಕನ್ನಡಿಯೊಳಗೆ ಕಂಡದ್ದನ್ನು ನೋಡಿ ಇನ್ನೊಂದು ಮಾಡಿ. ಎಷ್ಟು ತಿರುಗಿಸಿದರೂ ಒಂದು ಇನ್ನೊಂದರ ಮೇಲೆ ಸರಿಯಾಗಿ ಕೂರೋದಿಲ್ಲ, ಎಡಗೈ ಬಲಗೈ ಇದ್ದ ಹಾಗೆ. ಇದೇನು ಬರೀ ಲೆಕ್ಕದ ವಿಷಯ ಅನ್ನಬೇಡಿ. ಕಾರ್ವೋನ್ ಎಂಬ ವಸ್ತುವಿನ ಒಂದು ಕೈ ಪುದೀನದ ವಾಸನೆ ಕೊಡುತ್ತದೆ, ಇನ್ನೊಂದು ಕೈ ಸಬ್ಬಸಿಗೆ ಬೀಜದಲ್ಲಿದೆ. ಅವೇ ಪರಮಾಣುಗಳು, ಅದೇ ಜೋಡಣೆ, ಆದರೆ ಮೂಗು ಕಂಡುಹಿಡಿಯುತ್ತದೆ.

ಹೆಸರು ಇಡುವಾಗ ಎಲ್ಲಿ ಎಡವುತ್ತೇವೆ

ಒಂದಕ್ಕೆ ಮೀಥ್, ಎರಡಕ್ಕೆ ಈಥ್, ಮೂರಕ್ಕೆ ಪ್ರೋಪ್, ನಾಲ್ಕಕ್ಕೆ ಬ್ಯೂಟ್. ಇವು ನಾಲ್ಕನ್ನು ಮಾತ್ರ ಬಾಯಿಪಾಠ ಮಾಡಲೇಬೇಕು, ಬೇರೆ ದಾರಿ ಇಲ್ಲ. ಐದರಿಂದ ಮುಂದೆ ಪೆಂಟ್, ಹೆಕ್ಸ್, ಹೆಪ್ಟ್, ಆಕ್ಟ್ ಅಂತ ಎಣಿಕೆ ಸಲೀಸು. ಆಮೇಲೆ ಮೂರು ಹೆಜ್ಜೆ: ಅತಿ ಉದ್ದದ ಸಾಲು ಹುಡುಕು, ಕೊಂಬೆಗೆ ಚಿಕ್ಕ ನಂಬರ್ ಬರುವ ತುದಿಯಿಂದ ಎಣಿಸು, ಕೊಂಬೆಯ ಹೆಸರನ್ನು (ಒಂದು ಕಾರ್ಬನ್ ಇದ್ದರೆ ಮೀಥೈಲ್, ಎರಡಿದ್ದರೆ ಈಥೈಲ್) ಮುಂದೆ ಹಾಕು.

ಕೇಳಲು ಸುಲಭ. ಈಗ ಇದನ್ನು ಬರೆಯಿರಿ: ನಾಲ್ಕು ಕಾರ್ಬನ್ ಅಡ್ಡ ಸಾಲು, ಎಡದಿಂದ ಮೂರನೆಯದರ ಕೆಳಗೆ ಒಂದು ಕಾರ್ಬನ್ ಜೋತು ಬಿದ್ದಿದೆ. ಕಣ್ಣು ಎಡದಿಂದ ಓದೋದು ರೂಢಿ, ಹಾಗಾಗಿ 3-ಮೀಥೈಲ್ ಬ್ಯೂಟೇನ್ ಅಂತ ಬರೆದುಬಿಡುತ್ತೇವೆ. ತಪ್ಪು. ಬಲದಿಂದ ಎಣಿಸಿದರೆ ಕೊಂಬೆ ಎರಡರಲ್ಲೇ ಸಿಗುತ್ತೆ, ಅದು 2-ಮೀಥೈಲ್ ಬ್ಯೂಟೇನ್. ಪ್ರಶ್ನೆ ಕೊಡುವವರು ಅದೇ ಅಣುವನ್ನು ಇನ್ನೊಂದು ತರ ಬರೆಯುತ್ತಾರೆ: ಮೂರು ಕಾರ್ಬನ್ ಅಡ್ಡಕ್ಕೆ, ನಡುವಿನದರಿಂದ ಎರಡು ಕಾರ್ಬನ್ ಕೆಳಗಿಳಿದಿವೆ. ಈಗ ನಮ್ಮ ಕೈ 2-ಈಥೈಲ್ ಪ್ರೋಪೇನ್ ಅಂತ ಬರೆಯುತ್ತೆ. ಅದೂ ತಪ್ಪು. ಉದ್ದದ ಸಾಲು ನೇರ ಇರಬೇಕು ಅಂತ ಎಲ್ಲೂ ಹೇಳಿಲ್ಲ, ಅದು ಮೂಲೆ ತಿರುಗಿ ಹೋಗಬಹುದು. ಬೆರಳಿಟ್ಟು ಮೂಲೆ ತಿರುಗಿಸಿ ಎಣಿಸಿ, ನಾಲ್ಕು ಬರುತ್ತೆ. ಮತ್ತೆ ಅದೇ 2-ಮೀಥೈಲ್ ಬ್ಯೂಟೇನ್. ಯಾವ ಹೆಸರಿನಲ್ಲಾದರೂ 1-ಮೀಥೈಲ್ ಅಥವಾ 2-ಈಥೈಲ್ ಅಂತ ಒಂದು ಸಾಲಿನ ಆಲ್ಕೇನ್‌ಗೆ (ಡಬಲ್ ಬಾಂಡ್ ಇಲ್ಲದ, ಬರೀ ಕಾರ್ಬನ್ ಹೈಡ್ರೋಜನ್ ಇರುವ ಅಣುವಿಗೆ) ಬಂದರೆ ಅನುಮಾನ ಪಡಿ, ಉದ್ದದ ಸಾಲು ತಪ್ಪಿಹೋಗಿದೆ.

ಹೆಸರಿನ ಬಾಲವೂ ಮಾತಾಡುತ್ತದೆ. ಇಂಗ್ಲಿಷ್ ಸ್ಪೆಲಿಂಗ್‌ನ ಕೊನೆಗೆ ಓ-ಎಲ್ ಬಂದರೆ ಓಎಚ್ ಗುಂಪು ಇದೆ ಅಂತ, ಅಂದರೆ ಆಲ್ಕೋಹಾಲ್ ಜಾತಿ. ಎ-ಎಲ್ ಬಂದರೆ ಆಲ್ಡಿಹೈಡ್. ನಮ್ಮ ಉಚ್ಚಾರಣೆಯಲ್ಲಿ ಎರಡೂ ಹೆಚ್ಚುಕಮ್ಮಿ ಎಥನಾಲ್ ಅಂತಲೇ ಕೇಳುತ್ತೆ, ಕ್ಲಾಸಿನಲ್ಲಿ ನೋಟ್ಸ್ ಬರೆದುಕೊಳ್ಳುವಾಗ ಅದಲು ಬದಲಾಗುತ್ತೆ. ಮೇಷ್ಟರನ್ನು ನಿಲ್ಲಿಸಿ "ಸರ್, ಓ-ಎಲ್ಲಾ, ಎ-ಎಲ್ಲಾ?" ಅಂತ ಕೇಳಿ. ನಾಚಿಕೆ ಬೇಡ, ಅವರಿಗೂ ಇದು ಗೊತ್ತಿರುವ ತೊಂದರೆಯೇ. ಗಂಧದೆಣ್ಣೆಯ ಮುಖ್ಯ ವಸ್ತು ಸ್ಯಾಂಟಲಾಲ್, ಓಮದ ಘಾಟಿಗೆ ಕಾರಣ ಥೈಮಾಲ್, ಲವಂಗದ್ದು ಯೂಜಿನಾಲ್, ಇವೆಲ್ಲ ಓ-ಎಲ್. ಹಾಗಂತ ಎಲ್ಲ ಒಂದೇ ಜಾತಿ ಅಲ್ಲ, ಥೈಮಾಲ್ ಮತ್ತು ಯೂಜಿನಾಲ್‌ನಲ್ಲಿ ಓಎಚ್ ಆರು ಕಾರ್ಬನ್‌ನ ಬೆಂಜೀನ್ ಉಂಗುರಕ್ಕೇ ಅಂಟಿದೆ, ಅವು ಫೀನಾಲ್. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಗಂಧದೆಣ್ಣೆ ಕಾರ್ಖಾನೆ ಹಬೆಯಲ್ಲಿ ಇಳಿಸುತ್ತಿದ್ದದ್ದು ಬಹುಪಾಲು ಹದಿನೈದು ಕಾರ್ಬನ್‌ನ ಒಂದು ಆಲ್ಕೋಹಾಲನ್ನು ಅಂತ ಗೊತ್ತಾದಾಗ ನನಗಂತೂ ಖುಷಿಯಾಗಿತ್ತು.

ಗುಂಪು ಬದಲಾದರೆ ಸ್ವಭಾವ ಎಷ್ಟು ಬದಲಾಗುತ್ತೆ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ಆಕ್ಸಿಜನ್ ತುದಿಯಲ್ಲಿ ಹೈಡ್ರೋಜನ್ ಹಿಡಿದು ನಿಂತರೆ ಎಥನಾಲ್, 78 ಡಿಗ್ರಿಗೆ ಕುದಿಯುವ ದ್ರವ. ಅದೇ ಆಕ್ಸಿಜನ್ ಎರಡು ಕಾರ್ಬನ್‌ಗಳ ನಡುವೆ ಕೂತರೆ ಡೈಮೀಥೈಲ್ ಈಥರ್, ಮೈನಸ್ 24 ಡಿಗ್ರಿಗೇ ಕುದಿಯುತ್ತೆ. ಅಂದರೆ ನಮ್ಮ ಕೋಣೆಯಲ್ಲಿ ಅದು ಅನಿಲ. ಎಥನಾಲ್ ಅಣುಗಳು ಓಎಚ್ ಮೂಲಕ ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಈಥರ್‌ಗೆ ಆ ಹಿಡಿತ ಇಲ್ಲ. ತೂಕ ಎರಡಕ್ಕೂ ಒಂದೇ.

ಎಲೆಕ್ಟ್ರಾನ್ ಲೆಕ್ಕ

ಈಗ ಅಸಲಿ ವಿಷಯಕ್ಕೆ ಬಂದೆವು. ಮನೆಯಲ್ಲೇ ನೋಡುವಂಥದ್ದರಿಂದ ಶುರು ಮಾಡೋಣ. ಒಂದು ಲೋಟ ನೀರಿಗೆ ಚಿಟಿಕೆ ಅರಿಶಿನ ಹಾಕಿ. ಅದಕ್ಕೆ ಎಲೆಯಡಿಕೆಗೆ ಹಾಕುವ ಸುಣ್ಣ ಸ್ವಲ್ಪ ಕದಡಿ. ಕೆಂಪಾಯಿತು ಅಲ್ವಾ? ಆರತಿ ತಟ್ಟೆಯ ಕೆಂಪು ನೀರು ಇದೇ. ಈಗ ನಿಂಬೆಹಣ್ಣು ಹಿಂಡಿ, ಮತ್ತೆ ಹಳದಿ. ಬಿಳಿ ಅಂಗಿಯ ಮೇಲೆ ಸಾರಿನ ಕಲೆಗೆ ಸೋಪು ತಿಕ್ಕಿದ ತಕ್ಷಣ ಕೆಂಪಾಗಿ ಗಾಬರಿ ಹುಟ್ಟಿಸೋದೂ ಇದೇ ಆಟ. ಸುಣ್ಣ ಮುಟ್ಟಿದ ಕೈ ಕಣ್ಣಿಗೆ ತಾಗದ ಹಾಗೆ ನೋಡಿಕೊಳ್ಳಿ.

ಒಳಗೆ ಆಗಿದ್ದೇನು? ಅರಿಶಿನದ ಬಣ್ಣ ಕರ್ಕ್ಯುಮಿನ್ ಎಂಬ ವಸ್ತುವಿನದು. ಅದರ ಎರಡು ತುದಿಯ ಉಂಗುರಗಳಲ್ಲೂ ಒಂದೊಂದು ಓಎಚ್ ಇದೆ, ನಡುವೆ ಒಂದು ಬಿಟ್ಟು ಒಂದು ಡಬಲ್ ಬಾಂಡ್‌ಗಳ ಸಾಲು. ಸುಣ್ಣದ ನೀರಿನಲ್ಲಿರುವ ಹೈಡ್ರಾಕ್ಸೈಡ್‌ಗೆ ಹೈಡ್ರೋಜನ್ ಅಯಾನ್ ಕಂಡರೆ ಬಿಡೋದಿಲ್ಲ. ಅದು ಕರ್ಕ್ಯುಮಿನ್‌ನ ಓಎಚ್‌ನಿಂದ ಹೈಡ್ರೋಜನ್ ಅನ್ನು ಕಿತ್ತುಕೊಳ್ಳುತ್ತೆ, ಆದರೆ ಹೈಡ್ರೋಜನ್ ಹೋಗುವಾಗ ತನ್ನ ಎಲೆಕ್ಟ್ರಾನ್ ಬಿಟ್ಟು ಹೋಗುತ್ತೆ. ಆಕ್ಸಿಜನ್ ಬಳಿ ಉಳಿದ ಹೆಚ್ಚಿನ ಎಲೆಕ್ಟ್ರಾನ್‌ಗಳು ಒಂದೇ ಕಡೆ ಕೂರದೆ ಆ ಸಾಲಿನುದ್ದಕ್ಕೂ ಹರಡಿಕೊಳ್ಳುತ್ತವೆ. ಹರಡಿದಾಗ ಅದು ಹೀರುವ ಬೆಳಕು ಬದಲಾಗುತ್ತೆ, ನಮಗೆ ಕೆಂಪು ಕಾಣುತ್ತೆ. ನಿಂಬೆ ಹಿಂಡಿದರೆ ಹೈಡ್ರೋಜನ್ ವಾಪಸ್, ಎಲೆಕ್ಟ್ರಾನ್ ತನ್ನ ಜಾಗಕ್ಕೆ, ಬಣ್ಣವೂ ವಾಪಸ್.

ಮುಂದೆ ಓದುವ ರಿಯಾಕ್ಷನ್‌ಗಳಲ್ಲಿ ಬಹುಪಾಲು ಇದೇ ತರ: ಎಲೆಕ್ಟ್ರಾನ್ ಜಾಸ್ತಿ ಇರುವವನು ಕಮ್ಮಿ ಇರುವವನ ಕಡೆ ಕೈ ಚಾಚುತ್ತಾನೆ. ಜಾಸ್ತಿ ಇರುವವನಿಗೆ ನ್ಯೂಕ್ಲಿಯೋಫೈಲ್ ಅಂತ, ಕಮ್ಮಿ ಇರುವವನಿಗೆ ಎಲೆಕ್ಟ್ರೋಫೈಲ್ ಅಂತ ಹೆಸರು. ಯಾರು ಎಲೆಕ್ಟ್ರಾನ್ ಎಳೆದುಕೊಳ್ಳುತ್ತಾರೆ ಅಂತ ತಿಳಿಯಲು ಪೌಲಿಂಗ್ ಎಂಬ ವಿಜ್ಞಾನಿ ಕೊಟ್ಟ ಅಂಕಿ ನಾಲ್ಕೈದು ನೆನಪಿದ್ದರೆ ಸಾಕು, ಅಂಕಿ ದೊಡ್ಡದಾದಷ್ಟು ಎಳೆತ ಜಾಸ್ತಿ: ಫ್ಲೋರಿನ್ 4, ಆಕ್ಸಿಜನ್ 3.5, ನೈಟ್ರೋಜನ್ ಮತ್ತು ಕ್ಲೋರಿನ್ ಸುಮಾರು 3, ಕಾರ್ಬನ್ 2.5, ಹೈಡ್ರೋಜನ್ 2.1.

ಬ್ರೋಮೋಮೀಥೇನ್ ತೆಗೆದುಕೊಳ್ಳಿ. ಬ್ರೋಮಿನ್ ಎಲೆಕ್ಟ್ರಾನ್ ಅನ್ನು ತನ್ನ ಕಡೆ ಎಳೆದುಕೊಂಡಿದೆ, ಪಾಪ ಕಾರ್ಬನ್ ಸ್ವಲ್ಪ ಬಡವಾಗಿದೆ. ಅಲ್ಲಿಗೆ ಹೈಡ್ರಾಕ್ಸೈಡ್ ಬರುತ್ತೆ, ಅದರ ಬಳಿ ಎಲೆಕ್ಟ್ರಾನ್ ಜೋಡಿಗಳು ಧಾರಾಳ. ಬ್ರೋಮಿನ್ ಇರುವ ಕಡೆಯಿಂದ ಬರಲು ದಾರಿ ಇಲ್ಲ, ಹಿಂದಿನಿಂದ ಬಂದು ಕಾರ್ಬನ್ ಹಿಡಿಯುತ್ತೆ. ಕಾರ್ಬನ್‌ಗೆ ಐದನೇ ಕೈ ಇಲ್ಲವಲ್ಲ, ಹಾಗಾಗಿ ಅತ್ತ ಬ್ರೋಮಿನ್ ತನ್ನ ಜೋಡಿ ಕಟ್ಟಿಕೊಂಡು ಹೊರಡುತ್ತೆ. ಮೂರು ಹೈಡ್ರೋಜನ್‌ಗಳು ಜಡಿಮಳೆಯ ಗಾಳಿಗೆ ಸಿಕ್ಕ ಕೊಡೆಯ ಹಾಗೆ ಉಲ್ಟಾ ಆಗುತ್ತವೆ. ಉಳಿದದ್ದು ಮೆಥನಾಲ್. ಪುಸ್ತಕದಲ್ಲಿ ಎಸ್‌ಎನ್2 ಅಂತ ಇರೋದು ಇದಕ್ಕೇ.

ಇದನ್ನು ಬಾಗಿದ ಬಾಣದಲ್ಲಿ ಬರೆಯುತ್ತಾರೆ. ಬಾಣದ ಬಾಲ ಯಾವತ್ತೂ ಎಲೆಕ್ಟ್ರಾನ್ ಇರುವ ಕಡೆ, ಅಂದರೆ ಒಂಟಿ ಜೋಡಿಯ (ಯಾವ ಬಾಂಡ್‌ಗೂ ಸೇರದ ಎಲೆಕ್ಟ್ರಾನ್ ಜೋಡಿ) ಮೇಲೆ ಅಥವಾ ಬಾಂಡ್‌ನ ಮೇಲೆ. ಮೊನೆ ಎಲೆಕ್ಟ್ರಾನ್ ಹೋಗಿ ಸೇರುವ ಕಡೆ. ಇಲ್ಲಿ ಎರಡು ಬಾಣ ಬೇಕು: ಆಕ್ಸಿಜನ್‌ನ ಜೋಡಿಯಿಂದ ಕಾರ್ಬನ್‌ಗೆ ಒಂದು, ಕಾರ್ಬನ್-ಬ್ರೋಮಿನ್ ಗೆರೆಯ ನಡುವಿನಿಂದ ಬ್ರೋಮಿನ್‌ಗೆ ಇನ್ನೊಂದು. ಎಚ್ ಪ್ಲಸ್‌ನಿಂದ ಬಾಣ ಶುರು ಮಾಡಿದ ಉತ್ತರ ನಾನು ಎಷ್ಟು ನೋಡಿದ್ದೇನೋ ಲೆಕ್ಕವಿಲ್ಲ. ಎಚ್ ಪ್ಲಸ್ ಬಳಿ ಒಂದೂ ಎಲೆಕ್ಟ್ರಾನ್ ಇಲ್ಲ ಮಾರಾಯ್ರೇ, ಬರಿಗೈಯವನು ಸಾಲ ಕೊಡೋದು ಹೇಗೆ?

ಈಗ ನನ್ನ 25ಕ್ಕೆ 6ರ ಕಥೆಗೆ ವಾಪಸ್ ಬರೋಣ. ಪ್ರೊಪೀನ್‌ಗೆ (ಮೂರು ಕಾರ್ಬನ್ ಸಾಲು, ಒಂದು ತುದಿಯಲ್ಲಿ ಡಬಲ್ ಬಾಂಡ್) ಎಚ್‌ಬಿಆರ್, ಅಂದರೆ ಹೈಡ್ರೋಜನ್ ಬ್ರೋಮೈಡ್ ಸೇರಿಸಿದರೆ ಬ್ರೋಮಿನ್ ಎಲ್ಲಿ ಕೂರುತ್ತೆ? ಹೈಡ್ರೋಜನ್ ಜಾಸ್ತಿ ಇರುವ ಕಾರ್ಬನ್‌ಗೇ ಇನ್ನೊಂದು ಹೈಡ್ರೋಜನ್ ಅನ್ನೋ ಮಾರ್ಕೋವ್ನಿಕೋವ್ ನಿಯಮವನ್ನು ನಾನು ಉರುಹೊಡೆದಿದ್ದೆ, ಕಾರಣ ಗೊತ್ತಿರಲಿಲ್ಲ. ಕಾರಣ ಇಷ್ಟೇ. ಡಬಲ್ ಬಾಂಡ್‌ನ ಎಲೆಕ್ಟ್ರಾನ್‌ಗಳು ಸಡಿಲ, ಅವು ಎಚ್ ಪ್ಲಸ್ ಅನ್ನು ಹಿಡಿಯುತ್ತವೆ. ಎಚ್ ತುದಿಗೆ ಅಂಟಿದರೆ ಪ್ಲಸ್ ಚಾರ್ಜ್ ನಡುವಿನ ಕಾರ್ಬನ್ ಮೇಲೆ ಬರುತ್ತೆ. ನಡುವೆ ಅಂಟಿದರೆ ತುದಿಯ ಮೇಲೆ. ನಡುವಿನವನಿಗೆ ಎರಡೂ ಪಕ್ಕದಲ್ಲಿ ಕಾರ್ಬನ್ ನೆರೆಯವರಿದ್ದಾರೆ, ಸ್ವಲ್ಪ ಸ್ವಲ್ಪ ಎಲೆಕ್ಟ್ರಾನ್ ಕೊಟ್ಟು ಸುಧಾರಿಸುತ್ತಾರೆ. ತುದಿಯವನಿಗೆ ಒಬ್ಬನೇ ನೆರೆಯವನು. ಹಾಗಾಗಿ ಪ್ಲಸ್ ನಡುವೆಯೇ ನಿಲ್ಲುತ್ತೆ, ಬ್ರೋಮೈಡ್ ಅಲ್ಲಿಗೇ ಬರುತ್ತೆ, 2-ಬ್ರೋಮೋಪ್ರೋಪೇನ್ ಆಗುತ್ತೆ. ಇಷ್ಟು ಗೊತ್ತಿದ್ದರೆ ಬ್ಯೂಟೀನ್ ಬಂದರೇನು, ಪೆಂಟೀನ್ ಬಂದರೇನು. ಪೆರಾಕ್ಸೈಡ್ ಹಾಕಿದರೆ ಎಚ್‌ಬಿಆರ್ ಉಲ್ಟಾ ಕಡೆ ಸೇರುತ್ತೆ. ಅದು ಒಂಟಿ ಎಲೆಕ್ಟ್ರಾನ್‌ಗಳ ಕಥೆ, ಈಗ ಬೇಡ.

ದಿನಾ ಓದುವಾಗ

ಪುಸ್ತಕ ತೆರೆದಿಟ್ಟು ಓದಿದರೆ ಎಲ್ಲ ಅರ್ಥ ಆದ ಹಾಗೆ ಅನ್ನಿಸುತ್ತೆ. ಮುಚ್ಚಿ ಬರೆಯಿರಿ, ಆಗ ಬಂಡವಾಳ ಬಯಲಾಗುತ್ತೆ. ದಿನಕ್ಕೆ ಮೂರೇ ರಿಯಾಕ್ಷನ್ ಆದರೂ ಸರಿ, ಬಾಣ ಸಮೇತ, ಮುಚ್ಚಿದ ಪುಸ್ತಕದಿಂದ. ಮರುದಿನ ಹೊಸದಕ್ಕೆ ಹೋಗುವ ಮೊದಲು ನಿನ್ನೆಯದು ಮತ್ತೊಂದು ಸಲ.

ಗೋಡೆಗೆ ಒಂದು ಚಾರ್ಟ್ ಶೀಟ್ ಅಂಟಿಸಿ. ನಡುವೆ ಎಥನಾಲ್ ಬರೆದು, ಬಸ್ ಸ್ಟ್ಯಾಂಡಿನಿಂದ ಊರುಗಳಿಗೆ ಹೋದ ಹಾಗೆ ದಾರಿ ಎಳೆಯುತ್ತಾ ಹೋಗಿ: ಈಥೀನ್, ಬ್ರೋಮೋಈಥೇನ್, ಅಸಿಟಿಕ್ ಆಮ್ಲ, ಎಸ್ಟರ್. ದಾರಿಯ ಮೇಲೆ ಏನು ಹಾಕಬೇಕು, ಎಷ್ಟು ಬಿಸಿ ಅಂತ ಬರೆಯಿರಿ. ಬಿಸಿ ಎಷ್ಟು ಅನ್ನೋದನ್ನು ಹಗುರ ಮಾಡಬೇಡಿ. ಎಥನಾಲ್ ಜೊತೆ ಗಾಢ ಸಲ್ಫ್ಯೂರಿಕ್ ಆಮ್ಲ ಇಟ್ಟು ಸುಮಾರು 170 ಡಿಗ್ರಿಗೆ ಕಾಯಿಸಿದರೆ ಈಥೀನ್ ಬರುತ್ತೆ, ಸುಮಾರು 140ಕ್ಕೆ ನಿಲ್ಲಿಸಿದರೆ ಡೈಈಥೈಲ್ ಈಥರ್. ಸಾಮಾನು ಅದೇ, ಉರಿ ಮಾತ್ರ ಬೇರೆ. ಪಾಕ ಒಂದೆಳೆಯೋ ಎರಡೆಳೆಯೋ ಅಂತ ನೋಡುವವರಿಗೆ ಇದು ಹೊಸದಲ್ಲ.

ಲ್ಯಾಬ್ ಬಗ್ಗೆ ಎರಡು ಮಾತು. ಆಮ್ಲವನ್ನು ನೀರಿಗೆ ಹಾಕಬೇಕು, ನೀರನ್ನು ಆಮ್ಲಕ್ಕೆ ಯಾವತ್ತೂ ಹಾಕಬಾರದು. ಈಥರ್, ಅಸಿಟೋನ್ ಇರುವ ಕಡೆ ಬರ್ನರ್ ಹಚ್ಚಬಾರದು, ಅವುಗಳ ಆವಿ ಮೇಜಿನುದ್ದಕ್ಕೂ ಹರಿದು ಬೆಂಕಿ ಹುಡುಕಿಕೊಂಡು ಹೋಗುತ್ತೆ. ವಾಸನೆ ನೋಡುವಾಗ ಬಾಟಲಿಗೆ ಮೂಗಿಡಬೇಡಿ, ಕೈಯಿಂದ ಗಾಳಿ ಬೀಸಿಕೊಳ್ಳಿ. ನಾನು ಒಮ್ಮೆ ಅಮೋನಿಯಾಕ್ಕೆ ಮೂಗಿಟ್ಟು ಕಾರಿಡಾರಿನಲ್ಲಿ ಹತ್ತು ನಿಮಿಷ ಅತ್ತಿದ್ದೇನೆ.

ಬೆಂಜೀನ್, ಅಮೀನ್, ಆಲ್ಡಿಹೈಡ್ ಎಲ್ಲ ಇನ್ನೂ ಮುಂದಿವೆ. ಅಲ್ಲಿಗೆ ಹೋಗುವ ಮೊದಲು ಒಂದು ಲೆಕ್ಕ ಮಾಡಿ: ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್, ಒಂದು ಆಕ್ಸಿಜನ್. ಕೈಗಳನ್ನು ಎಣಿಸುತ್ತಾ ಎಲ್ಲ ಸಮಾಂಗಿ ಬರೆಯಿರಿ. ಎಡಗೈ ಬಲಗೈ ಭೇದ ಬಿಟ್ಟರೆ ನಾಲ್ಕು ಆಲ್ಕೋಹಾಲ್, ಮೂರು ಈಥರ್, ಒಟ್ಟು ಏಳು ಸಿಗಬೇಕು. ಆರು ಸಿಕ್ಕರೆ ಹೆಚ್ಚಾಗಿ ಬಿಟ್ಟುಹೋದದ್ದು ಕೊಂಬೆ ಇರುವ ಈಥರ್. ಎಂಟು ಸಿಕ್ಕರೆ ಯಾವುದೋ ಒಂದನ್ನು ಮೂಲೆ ತಿರುಗಿಸಿ ಎರಡು ಸಲ ಬರೆದಿದ್ದೀರಿ, ಕಡಲೆಕಾಳು ತನ್ನಿ.